ಹೊಸ ಹ್ಯಾಮ್‌ಗೆ ಬಾವೊಫೆಂಗ್ ಯುವಿ-5ಆರ್: ಮುಂಬೈ ಫ್ಲ್ಯಾಟಿನಲ್ಲಿ ಎಷ್ಟು ನಡೆಯುತ್ತದೆ?

ವಿಯು3 ಎಂದು ಶುರುವಾಗುವ ಕಾಲ್‌ಸೈನ್ (ಪರವಾನಗಿಯ ಗುರುತಿನ ಹೆಸರು) ಬಂದೊಡನೆ ಮಾಟುಂಗ, ಮುಲುಂಡ್, ಡೊಂಬಿವಲಿಯ ಹೊಸ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, ಕಣ್ಣಿಗೆ ಮೊದಲು ಬೀಳುವ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೊ ಸೆಟ್) ಇದು. ಸುಮಾರು 4 ವಾಟ್, 128 ಚಾನೆಲ್, 1800 ಎಂಎಎಚ್ ಬ್ಯಾಟರಿ. ಮೊದಲ ಸೆಟ್ಟಾಗಿ ಧಾರಾಳವಾಗಿ ಕೊಳ್ಳಬಹುದು. ಆದರೆ ಜೊತೆಗೆ ಬರುವ ರಬ್ಬರ್ ಆಂಟೆನಾವನ್ನೇ ನಂಬಿ ಕೂತರೆ ನಿರಾಸೆ ಖಂಡಿತ.

ಮೊದಲು ಒಂದು ಎಚ್ಚರಿಕೆ. ನಮಗಿರುವ ಎರಡು ಮೀಟರ್ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್, ಯುಎಚ್ಎಫ್‌ನಲ್ಲಿ 434ರಿಂದ 438. ಈ ಸೆಟ್ಟೋ 136ರಿಂದ 174ರವರೆಗೆ ಎಲ್ಲಿ ಬೇಕಾದರೂ ಪ್ರಸಾರ ಮಾಡುತ್ತದೆ. ಹಡಗುಗಳ ತುರ್ತು ಚಾನೆಲ್ 156.8 ಅದರೊಳಗೇ ಇದೆ. ಬಂದರು ಪಕ್ಕದಲ್ಲಿರುವ ಊರಿನಲ್ಲಿ ಒಂದು ಅಂಕಿ ತಪ್ಪುವುದು ಸಣ್ಣ ವಿಷಯವಲ್ಲ. ಬೇಕಾದ ಚಾನೆಲ್‌ಗಳನ್ನು ಮೆಮೊರಿಗೆ ಹಾಕಿ, # ಕೀಲಿಯನ್ನು ಒತ್ತಿಹಿಡಿದು ಕೀಪ್ಯಾಡ್ ಲಾಕ್ ಮಾಡಿಬಿಡಿ.

ರಿಪೀಟರನ್ನು (ನಿಮ್ಮ ಸಿಗ್ನಲ್ ಹಿಡಿದು ಮರುಪ್ರಸಾರ ಮಾಡುವ ಕೇಂದ್ರ) ಮೆಮೊರಿಗೆ ತುಂಬುವಾಗ ಹಲವರು ಎಡವುತ್ತಾರೆ. ಫ್ರೀಕ್ವೆನ್ಸಿಯನ್ನು ನೇರ ಒತ್ತುವ ವಿಎಫ್ಒ ಮೋಡ್‌ನಲ್ಲಿ, ಪರದೆಯ ಮೇಲಿನ ಸಾಲಿನಲ್ಲೇ ಇರಬೇಕು. ಮೆನು 7 (ಟಿಡಿಆರ್, ಎರಡು ಫ್ರೀಕ್ವೆನ್ಸಿ ಸರದಿಯಾಗಿ ಕೇಳುವುದು) ಆಫ್ ಆಗಿರಲಿ. ಕೇಳುವ ಫ್ರೀಕ್ವೆನ್ಸಿ ಒತ್ತಿ, ಮೆನು 25ರಲ್ಲಿ ಮೈನಸ್ (ಪ್ರಸಾರ ಕೆಳಗಿನ ಫ್ರೀಕ್ವೆನ್ಸಿಯಲ್ಲಿ), 26ರಲ್ಲಿ ಅಂತರ 000.600 ಮೆಗಾಹರ್ಟ್ಸ್, 13ರಲ್ಲಿ ಟೋನ್ (ರಿಪೀಟರನ್ನು ತೆರೆಯುವ ಸ್ವರ) ಕೊಟ್ಟು 27ರಲ್ಲಿ ಉಳಿಸಿ. ಆಮೇಲೆ * ಒತ್ತಿದರೆ ಪ್ರಸಾರದ ಫ್ರೀಕ್ವೆನ್ಸಿ ಕಾಣುತ್ತದೆ; ಅದನ್ನೂ 27ರಲ್ಲಿ ಅದೇ ಚಾನೆಲ್ ಸಂಖ್ಯೆಗೆ ಉಳಿಸಿ. ಈ ಎರಡನೇ ಸಲ ಬಿಟ್ಟರೆ ರಿಪೀಟರ್ ಕೇಳಿಸುತ್ತದೆ, ಅದು ನಿಮ್ಮನ್ನು ಎತ್ತುವುದಿಲ್ಲ. ಟೋನನ್ನು ತಪ್ಪಿ ಕೇಳುವ ಕಡೆಯ ಮೆನು 11ಕ್ಕೆ ಹಾಕಿದರೆ, ಟೋನ್ ಕಳಿಸದ ರಿಪೀಟರ್ ಇದ್ದಲ್ಲಿ ಸೆಟ್ ಮೂಕವಾಗುತ್ತದೆ.

ಇನ್ನು ಆಂಟೆನಾ. ಕಬ್ಬಿಣದ ಗ್ರಿಲ್ ಹಿಂದೆ, ಕಾಂಕ್ರೀಟ್ ಗೋಡೆಗಳ ನಡುವೆ ನಿಂತು ವಾಟ್ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದು ಎಸ್ಒ-239 ಸಾಕೆಟ್ (ಕೇಬಲ್ ಸಿಕ್ಕಿಸುವುದು), 2 ಮಿಮೀ ತಾಮ್ರದ ತಂತಿ ಮೂರು ಮೀಟರ್, ನಾಲ್ಕು ಸಣ್ಣ ಬೋಲ್ಟು ತಂದರೆ ಕಾಲು ತರಂಗದ ಗ್ರೌಂಡ್‌ಪ್ಲೇನ್ ಆಂಟೆನಾ (ನಡುವೆ ನೆಟ್ಟಗೆ ಒಂದು ತಂತಿ, ಬುಡದಿಂದ ಹೊರಕ್ಕೆ ಚಾಚುವ ನಾಲ್ಕು ರೇಡಿಯಲ್ ತಂತಿ) ಒಂದು ಸಂಜೆಯ ಕೆಲಸ. ನಡುವಿನ ತಂತಿ ಸುಮಾರು 49 ಸೆಂಮೀ, ಮೂಲೆಯ ನಾಲ್ಕು ರೇಡಿಯಲ್ 51. ನಡುವಿನದನ್ನು 52ಕ್ಕೇ ಕತ್ತರಿಸಿಟ್ಟುಕೊಳ್ಳಿ, ಉದ್ದವಿದ್ದರೆ ತೆಗೆಯಬಹುದು, ಗಿಡ್ಡವಾದರೆ ಸೇರಿಸುವುದು ಕಷ್ಟ. ರೇಡಿಯಲ್‌ಗಳನ್ನು 45 ಡಿಗ್ರಿ ಕೆಳಕ್ಕೆ ಬಗ್ಗಿಸಿದರೆ ಇಂಪೀಡೆನ್ಸ್ ಸೆಟ್ಟಿಗೆ ಹೊಂದುವ 50 ಓಮ್ ಹತ್ತಿರ ಬರುತ್ತದೆ. ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾದಿಂದ ಎಷ್ಟು ಶಕ್ತಿ ಮರಳುತ್ತದೆಂದು ತಿಳಿಸುವುದು) ಕನಿಷ್ಠವನ್ನು 140 ಮೆಗಾಹರ್ಟ್ಸ್‌ನಲ್ಲಿ ತೋರಿಸಿದರೆ ತಂತಿ ಉದ್ದವಿದೆ ಎಂದರ್ಥ. 3 ಮಿಮೀ ಕತ್ತರಿಸಿದರೆ ಸರಿಸುಮಾರು 1 ಮೆಗಾಹರ್ಟ್ಸ್ ಮೇಲೇರುತ್ತದೆ.

ಆರ್‌ಜಿ-58 ಕೇಬಲ್ 10 ಮೀಟರಿಗೆ ಸುಮಾರು 2 ಡಿಬಿ ತಿನ್ನುತ್ತದೆ, ಅಂದರೆ 4 ವಾಟ್‌ನಲ್ಲಿ ಮೇಲೆ ತಲುಪುವುದು ಎರಡೂವರೆ. ಕೇಬಲ್ ಚಿಕ್ಕದಿರಲಿ. ದಪ್ಪ ಕೇಬಲನ್ನು ಸೆಟ್ಟಿನ ಎಸ್ಎಂಎಗೆ ನೇರ ತೂಗುಹಾಕಬೇಡಿ, ಕನೆಕ್ಟರ್ ಸಡಿಲಾಗುತ್ತದೆ. ನಡುವೆ ಮೆತ್ತಗಿನ ಗೇಣುದ್ದದ ತುಂಡು ಹಾಕಿ.

ಈ ಸೆಟ್ಟಿನ ದೊಡ್ಡ ಕೊರತೆ ರಿಸೀವರ್. ಟವರ್‌ಗಳಿರುವ ಟೆರೇಸಿನಲ್ಲಿ ದೊಡ್ಡ ಆಂಟೆನಾ ಕಟ್ಟಿದರೆ ಹೊರಗಿನ ಬಲವಾದ ಸಿಗ್ನಲ್‌ಗಳ ಹೊಡೆತಕ್ಕೆ ರಿಸೀವರ್ ಕಿವುಡಾಗುವುದುಂಟು. ಹಾಗಾದರೆ ಎರಡು ಮೀಟರಿನ ಬ್ಯಾಂಡ್‌ಪಾಸ್ ಫಿಲ್ಟರ್ (ಆ ಬ್ಯಾಂಡನ್ನು ಮಾತ್ರ ಒಳಬಿಡುವುದು) ಬೇಕಾಗುತ್ತದೆ, ಇಲ್ಲವೇ ಆಂಟೆನಾವನ್ನು ಬಾಲ್ಕನಿಗೆ ಇಳಿಸಬೇಕು.

ಜೂನ್ ಮಳೆಗೆ ಮುಂಚೆ ಸಾಕೆಟ್ಟಿನ ಜೋಡಣೆಗೆ ತಾನಾಗಿ ಅಂಟುವ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಕೇಬಲ್ ಕಿಟಕಿಯೊಳಗೆ ನುಗ್ಗುವ ಮುನ್ನ ಅರ್ಧ ಅಡಿ ಕೆಳಕ್ಕೆ ಜೋತುಬಿದ್ದು ಮೇಲೇಳಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.