"ಬಾರ್ಡರಲ್ಲಿದೆ ಅಷ್ಟೇ" ಅಂತ ಐದು ವರ್ಷ ನನಗೆ ನಾನೇ ಹೇಳ್ಕೊಂಡೆ, ಕಾಲಿನ ಒಂದು ಬೆರಳು ಹೋಯ್ತು

ಸ್ವಲ್ಪ ಉದ್ದ ಇದೆ, ಆದ್ರೂ ಓದಿ. ಅದ್ರಲ್ಲೂ ನಿಮ್ಮ ಮನೇಲಿ ಯಾರಾದ್ರೂ ಲ್ಯಾಬ್ ರಿಪೋರ್ಟ್ ಮಡಚಿ ಬೀರುಲಿ ಇಟ್ಟು "ಏನಿಲ್ಲ, ಬಾರ್ಡರಲ್ಲಿದೆ" ಅಂದಿದ್ರೆ ಖಂಡಿತ ಓದಿ.

ನಂದು ದಾವಣಗೆರೆ, ವಯಸ್ಸು ಐವತ್ತು ದಾಟಿದೆ. 2024ರ ಮೇ ತಿಂಗಳಲ್ಲಿ ಬಲಗಾಲಿನ ಎರಡನೇ ಬೆರಳು ತೆಗೆದ್ರು. ಶುಗರಿಂದ ಹೋಯ್ತು ಅಂತ ಎಲ್ಲರಿಗೂ ಹೇಳಬಹುದು, ಆದ್ರೆ ಶುಗರ್ ಇರೋ ಎಷ್ಟೋ ಜನ ಕೈಕಾಲು ಎಲ್ಲ ನೆಟ್ಟಗೆ ಇಟ್ಕೊಂಡು ಎಂಬತ್ತರ ತನಕ ಓಡಾಡ್ಕೊಂಡು ಇದಾರೆ, ನಾನೇ ನೋಡಿದೀನಿ. ನನ್ನ ಬೆರಳು ಹೋಗಿದ್ದು ಜಂಬದಿಂದ.

ನಮ್ಮ ಕಡೆ ನೆಂಟರಲ್ಲೆಲ್ಲ ಆರೋಗ್ಯ ಅಂದ್ರೆ ನಾನು. ಬೆಳಿಗ್ಗೆ ಐದೂವರೆಗೆ ಎದ್ದು ಕುಂದವಾಡ ಕೆರೆ ಹತ್ರ ವಾಕಿಂಗ್, ಸಿಗರೇಟಿಲ್ಲ, ಕುಡಿತ ಇಲ್ಲ, ಜ್ವರಕ್ಕೂ ಮಾತ್ರೆ ನುಂಗಲ್ಲ ಅಂತ ಹೇಳ್ಕೊಂಡು ತಿರುಗೋನು. ನನ್ನ ಬಾಮೈದನಿಗೆ ಮೂವತ್ತೆಂಟಕ್ಕೇ ಶುಗರ್ ಬಂದಿತ್ತು, ಪಾಪ ಅವನು ಸಿಕ್ಕಾಗೆಲ್ಲ ಕ್ಲಾಸ್ ತಗೋತಿದ್ದೆ. ಮದುವೆ ಮನೇಲಿ ಪಕ್ಕದಲ್ಲೇ ಕೂರಿಸ್ಕೊಂಡು, ಹೋಳಿಗೆ ಬಡಿಸೋಕೆ ಬಂದ್ರೆ "ಅವನಿಗೆ ಬೇಡ, ಶುಗರ್ ಇದೆ" ಅಂತ ಇಡೀ ಪಂಕ್ತಿಗೆ ಕೇಳೋ ಹಂಗೆ ಹೇಳಿ, ನನ್ನ ಎಲೆಗೆ ಎರಡು ಹಾಕಿಸ್ಕೊಂಡು ಮೇಲೆ ತುಪ್ಪ ಬಿಡಿಸ್ಕೋತಿದ್ದೆ. ಅವನು ತಲೆ ಬಗ್ಗಿಸ್ಕೊಂಡು ನಗ್ತಿದ್ದ ಅಷ್ಟೇ. ಇದನ್ನ ಮೊದಲೇ ಯಾಕೆ ಹೇಳ್ತಿದೀನಿ ಅಂದ್ರೆ ಮುಂದೆ ಆಗಿದ್ದಕ್ಕೆಲ್ಲ ಬೇರು ಇಲ್ಲೇ ಇದೆ. ಆ ಪಂಕ್ತಿಲಿ ನಾನೂ ಹೋಳಿಗೆ ಬೇಡ ಅನ್ನೋ ದಿನ ಬರಬಾರದಿತ್ತು ನನಗೆ.

2019ರಲ್ಲಿ ಆಫೀಸಲ್ಲಿ ಹೆಲ್ತ್ ಕ್ಯಾಂಪ್ ಹಾಕಿದ್ರು. ಖಾಲಿ ಹೊಟ್ಟೇಲಿ ಶುಗರ್ 118 ಬಂತು. ಡಾಕ್ಟರು ಹುಡುಗಿ, ಮಗಳ ವಯಸ್ಸು, ಸಮಾಧಾನವಾಗಿ ಹೇಳಿದ್ಲು, "ನೂರರ ಒಳಗಿರಬೇಕು ಸರ್, 126 ಮತ್ತೆ ಅದಕ್ಕಿಂತ ಮೇಲೆ ಬಂದ್ರೆ ಡಯಾಬಿಟಿಸ್, ನೀವು ಮಧ್ಯದಲ್ಲಿದೀರ, ಈಗಲೇ ಊಟ ಸರಿ ಮಾಡ್ಕೊಂಡ್ರೆ ವಾಪಸ್ ಬರಬಹುದು, ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ." ಇಷ್ಟು ಮಾತಲ್ಲಿ ನನ್ನ ಕಿವಿಗೆ ಬಿದ್ದಿದ್ದು 126 ದಾಟಿಲ್ಲ ಅನ್ನೋದೊಂದೇ. ಮನೆಗೆ ಬಂದು ಹೆಂಡ್ತಿಗೆ "ನಾರ್ಮಲ್ಲು" ಅಂದೆ. ನಾನು ಸುಳ್ಳು ಹೇಳ್ತಿದೀನಿ ಅಂತ ಆಗ ನನಗೆ ಅನ್ನಿಸಿರಲೇ ಇಲ್ಲ ನೋಡಿ, ಅದೇ ದೊಡ್ಡ ಸಮಸ್ಯೆ. ಬೇರೆಯವರಿಗೆ ಸುಳ್ಳು ಹೇಳಿದ್ರೆ ಎಲ್ಲೋ ಒಂದು ಕಡೆ ಚುಚ್ಚುತ್ತೆ, ನಮಗೆ ನಾವೇ ಹೇಳ್ಕೊಂಡ್ರೆ ಆರಾಮಾಗಿ ನಿದ್ದೆ ಬರುತ್ತೆ.

2021ರಲ್ಲಿ ಇನ್ಯಾವುದಕ್ಕೋ ರಕ್ತ ಕೊಟ್ಟಾಗ 139. ಹಿಂದಿನ ರಾತ್ರಿ ನಿದ್ದೆ ಸರಿ ಆಗಿರಲಿಲ್ಲ, ಟೆನ್ಷನ್ ಇತ್ತು, ಲ್ಯಾಬ್ ಹುಡುಗ ಬೇರೆ ಫೋನಲ್ಲಿ ಮಾತಾಡ್ತಾ ರಕ್ತ ತೆಗೆದ. ಹಂಗಾಗಿ ಆ ರಿಪೋರ್ಟ್ ಲೆಕ್ಕಕ್ಕಿಲ್ಲ. ಮತ್ತೆ ಮಾಡಿಸೋಣ ಅಂತ ಡೇಟ್ ಫಿಕ್ಸ್ ಮಾಡ್ಕೊಂಡೆ, ಆಮೇಲೆ ನಾನು ಮಾಡಿದ್ದು ಕೇಳಿ. ನಾಲ್ಕು ದಿನ ಮುಂಚೆಯಿಂದ ಅನ್ನ ಬಂದ್, ಟೀಗೆ ಸಕ್ಕರೆ ಬಂದ್, ರಾತ್ರಿ ಬರೀ ಸೌತೆಕಾಯಿ ಮಜ್ಜಿಗೆ, ವಾಕಿಂಗ್ ಡಬಲ್. 109 ಬಂತು! ಫೋಟೋ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಲ್ಯಾಬಿಂದ ಬರ್ತಾ ಬೆಣ್ಣೆ ದೋಸೆ, ಅದೂ ಎರಡು ಪ್ಲೇಟು. ಪರೀಕ್ಷೆಗೆ ಮುಂಚೆ ಓದಿ ಪಾಸಾಗೋ ಹುಡುಗನ ಥರ ನಾನು ರಕ್ತಕ್ಕೆ ಕೋಚಿಂಗ್ ಕೊಡ್ತಿದ್ದೆ, ಮೋಸ ಮಾಡ್ತಿದ್ದಿದ್ದು ಯಾರಿಗೆ ಅಂತ ಒಂದು ನಿಮಿಷ ಯೋಚನೆ ಮಾಡಿಲ್ಲ.

ಫ್ಯಾಮಿಲಿ ಡಾಕ್ಟರು ಒಂದ್ಸಲ ಎಚ್‌ಬಿಎ1ಸಿ ಮಾಡಿಸಿ ಅಂತ ಬರ್ಕೊಟ್ರು. ಈ ಟೆಸ್ಟಿಗೆ ನಾಲ್ಕು ದಿನದ ಪಥ್ಯದ ಆಟ ನಡೆಯಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ, ಅಷ್ಟು ದಿನ ರಕ್ತದಲ್ಲಿ ಎಷ್ಟು ಸಕ್ಕರೆ ಇತ್ತೋ ಅದಕ್ಕೆ ತಕ್ಕಂಗೆ ಅದರ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟ್ಕೊಂಡಿರುತ್ತೆ, ಎರಡು ಮೂರು ತಿಂಗಳ ಜಾತಕ ಒಂದೇ ನಂಬರಲ್ಲಿ ಬರುತ್ತೆ. 5.7ರ ಒಳಗೆ ನಾರ್ಮಲ್, 6.5 ಮುಟ್ಟಿದ್ರೆ ಡಯಾಬಿಟಿಸ್. ನಾನು ಮಾಡಿಸಲಿಲ್ಲ. "ಎಲ್ಲಾ ಲ್ಯಾಬ್‌ನವರ ಕಮಿಷನ್ ದಂಧೆ" ಅಂತ ಗೆಳೆಯರ ಮುಂದೆ ಭಾಷಣ ಬಿಗಿದೆ. ಅವರೆಲ್ಲ ಹೌದು ಹೌದು ಅಂದ್ರು, ಅವರ ಬೀರುಲೂ ಒಂದೊಂದು ರಿಪೋರ್ಟ್ ಇತ್ತೇನೋ.

ಹೆಂಡ್ತಿಗೆ ಅನುಮಾನ ಬಂದು 2022ರಲ್ಲಿ ಮನೆಗೇ ಗ್ಲೂಕೋಮೀಟರ್ ತರಿಸಿದ್ಲು, ಬರೆಯೋಕೆ ಒಂದು ನೋಟ್‌ಬುಕ್ ಬೇರೆ. ಬೆರಳು ಚುಚ್ಚಿ 171 ಬಂದ್ರೆ, ಇದು ಸರಿ ಇಲ್ಲ ಅಂತ ಪಕ್ಕದ ಬೆರಳು ಚುಚ್ಚೋದು, 158. ಇನ್ನೊಂದು, 149. ನೋಟ್‌ಬುಕ್ಕಲ್ಲಿ 149. ಒಂದೊಂದು ದಿನ ನಾಲ್ಕು ಸ್ಟ್ರಿಪ್ ಖಾಲಿ ಮಾಡಿದೀನಿ. ಕೇಳಿದ್ರೆ ನನ್ನ ಹತ್ರ ಉತ್ತರ ರೆಡಿ, ಮೀಟರಲ್ಲಿ ಶೇಕಡ 15ರಷ್ಟು ಆಚೀಚೆ ಬರಬಹುದು ಅಂತ ಸ್ಟ್ಯಾಂಡರ್ಡಲ್ಲೇ ಇದೆ ಅಂತ. ಅದು ನಿಜವೇ! ಆದ್ರೆ ಆಚೆ ಅನ್ನೋದನ್ನ ಬಿಟ್ಟು ಈಚೆ ಅನ್ನೋದನ್ನ ಮಾತ್ರ ನಾನು ಇಟ್ಕೊಂಡಿದ್ದೆ. ನನ್ನ ಮಾತುಗಳೆಲ್ಲ ಹಿಂಗೇ ಅರ್ಧ ನಿಜ. ಬೆಲ್ಲ ಸಕ್ಕರೆಗಿಂತ ಒಳ್ಳೇದು, ಆದ್ರೆ ರಕ್ತಕ್ಕೆ ಹೋದ್ಮೇಲೆ ಅದೂ ಸಕ್ಕರೆನೇ. ರಾಗಿಮುದ್ದೆ ಒಳ್ಳೇದು, ಆದ್ರೆ ನೂರು ಗ್ರಾಂ ಹಿಟ್ಟಲ್ಲಿ 70 ಗ್ರಾಂ ಹತ್ರ ಕಾರ್ಬೋಹೈಡ್ರೇಟೇ ಇರುತ್ತೆ, ನಾನು ದೊಡ್ಡವು ಎರಡು ಮುದ್ದೆ ಉಂಡು ಶುಗರಿಗೆ ಔಷಧಿ ತಗೊಂಡೆ ಅನ್ನೋ ಥರ ಕೈ ತೊಳೀತಿದ್ದೆ.

ಮಾತ್ರೆ ಬಗ್ಗೆ ಹೇಳೋದೇ ಬೇಡ. ಕೊನೆಗೆ ಡಾಕ್ಟರ್ ಬೈದು ಮೆಟ್‌ಫಾರ್ಮಿನ್ ಶುರು ಮಾಡಿಸಿದ್ರು, ಎರಡು ತಿಂಗಳು ನುಂಗಿದೆ, ನಂಬರ್ ಇಳೀತು, "ನೋಡಿದ್ರಾ ವಾಸಿ ಆಯ್ತು" ಅಂತ ಬಿಟ್ಟೆ. ಆಮೇಲೆ ಯಾರೋ ಹೇಳಿದ ಎಲೆ ರಸ. ಮಾತ್ರೆ ಕಿಡ್ನಿ ಹಾಳು ಮಾಡುತ್ತೆ ಅಂತ ಹೇಳ್ತಿದ್ದೆ ನಾನು, ಕಂಟ್ರೋಲ್ ಇಲ್ಲದ ಶುಗರೇ ಕಿಡ್ನಿ ತಿನ್ನೋದು ಅಂತ ಬಾಮೈದ ಒಂದ್ಸಲ ಮೆಲ್ಲಗೆ ಹೇಳಿದ್ದಕ್ಕೆ ಅವನ ಮೇಲೇ ರೇಗಿದೀನಿ. ನಿಜವಾದ ಕಾರಣ ಏನಂದ್ರೆ ಮೆಡಿಕಲ್ ಶಾಪಲ್ಲಿ ನಿಂತು ಆ ಚೀಟಿ ಕೊಡೋಕೆ ನಾಚಿಕೆ, ಅಂಗಡಿಯವನು ವಾಕಿಂಗಲ್ಲಿ ದಿನಾ ಸಿಗೋನು.

2023ರ ಕೊನೆಗೆ ಆರು ಕೆಜಿ ಇಳಿದೆ. ಬೆಲ್ಟಿಗೆ ಹೊಸ ತೂತು ಹೊಡೆಸಿದೆ. ಆಫೀಸಲ್ಲಿ "ಏನ್ ಸಾರ್ ಸೀಕ್ರೆಟ್" ಅಂತ ಕೇಳೋರು, ನಾನು ವಾಕಿಂಗ್ ಬಗ್ಗೆ ಅರ್ಧ ಗಂಟೆ ಕೊರೀತಿದ್ದೆ. ರಾತ್ರಿ ಮೂರು ಸಲ ಏಳ್ತಿದ್ದೆ ಬಾತ್‌ರೂಮಿಗೆ, ನೀರು ಜಾಸ್ತಿ ಕುಡೀತೀನಲ್ಲ ಅದಕ್ಕೆ ಅಂದ್ಕೊಂಡೆ. ನೀರು ಯಾಕೆ ಅಷ್ಟು ಕುಡೀತಿದೀನಿ ಅಂತ ಕೇಳ್ಕೊಳ್ಳಲಿಲ್ಲ. ಕಾಯಿಲೆ ಕೊಟ್ಟ ಸೂಚನೆಗಳನ್ನೇ ಮೆಡಲ್ ಥರ ಎದೆಗೆ ಚುಚ್ಕೊಂಡು ತಿರುಗಿದೆ ಅಂದ್ರೆ ಇನ್ನೇನು ಹೇಳಲಿ.

ಏಪ್ರಿಲ್ 2024, ಮನೆಯವರೆಲ್ಲ ಹರಿಹರಕ್ಕೆ ಹೋದ್ವಿ, ಹರಿಹರೇಶ್ವರ ದೇವಸ್ಥಾನಕ್ಕೆ. ಹೊಯ್ಸಳರ ಕಾಲದ್ದು, 1224ರ ಸುಮಾರಿಗೆ ಕಟ್ಟಿದ್ದು, ಹೊರಗಡೆ ಕಲ್ಲುಹಾಸು. ಮಧ್ಯಾಹ್ನ ಒಂದು ಗಂಟೆ ಬಿಸಿಲು. ಬರಿಗಾಲಲ್ಲಿ ಪ್ರದಕ್ಷಿಣೆ. ಎಲ್ಲರೂ ಅಯ್ಯೋ ಅಪ್ಪಾ ಅಂತ ಕುಣಿತಾ ನೆರಳಿಗೆ ಓಡಿದ್ರು, ಮಗಳು ದುಪಟ್ಟಾ ಹಾಸಿ ಅದರ ಮೇಲೆ ನಿಂತಳು. ನಾನು ಕೈ ಹಿಂದೆ ಕಟ್ಕೊಂಡು ರಾಜನ ಥರ ನಿಧಾನಕ್ಕೆ ಪೂರ್ತಿ ಸುತ್ತು ಬಂದೆ. "ಹಳ್ಳಿ ಕಾಲು ಕಣ್ರೋ ಇದು, ನಿಮ್ ಥರ ಚಪ್ಪಲಿ ಕಾಲಲ್ಲ" ಅಂದೆ. ಬಾಮೈದನೂ ಬಂದಿದ್ದ. ಅವನು ಕಾಲಿಗೆ ಸಾಕ್ಸ್ ಹಾಕ್ಕೊಂಡಿದ್ದ, ಅದಕ್ಕೂ ರೇಗಿಸಿದೆ. ಅವನು ನಗಲಿಲ್ಲ ಆವತ್ತು. "ಭಾವ, ಸುಡ್ತಿಲ್ವಾ ನಿಜವಾಗ್ಲೂ?" ಅಂತ ಕೇಳಿದ. ಸುಡ್ತಿಲ್ಲ ಕಣೋ ಅಂದೆ ಖುಷಿಯಾಗಿ.

ಎರಡು ದಿನ ಆದ್ಮೇಲೆ ಹೆಂಡ್ತಿ ಬೆಡ್‌ಶೀಟ್ ಒಗೆಯೋಕೆ ತೆಗೆದಾಗ ಕಾಲ ಹತ್ರ ಹಳದಿ ಕಲೆ. ಪಾದದ ಕೆಳಗೆ, ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ನೋವೇ ಇಲ್ಲ. ನೋವಿಲ್ಲ ಅಂದ್ಮೇಲೆ ಏನು ದೊಡ್ಡ ವಿಷಯ ಅಂತ ಅರಿಶಿನ ಹಚ್ಚಿ, ಸಾಕ್ಸ್ ಹಾಕಿ, ಶೂ ಹಾಕ್ಕೊಂಡು ಹದಿನಾರು ದಿನ ಆಫೀಸಿಗೆ ಹೋದೆ. ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿ ವಾಸನೆ ಶುರುವಾದಾಗ ಕಾರಿಗೆ ಹತ್ತಿಸ್ಕೊಂಡು ಹೋಗಿದ್ದು ಬಾಮೈದನೇ.

ಆಸ್ಪತ್ರೇಲಿ ಒಂದು ಟೆಸ್ಟ್ ಮಾಡಿದ್ರು, ಅದನ್ನ ಮರೆಯೋಕಾಗಲ್ಲ. ಪೆನ್ನಿನಂಥ ಹಿಡಿಗೆ ಒಂದು ನೈಲಾನ್ ದಾರ, ಮೀನು ಗಾಳದ ದಾರದ ಹಂಗೆ, ಅದು ಬಾಗೋವರೆಗೂ ಒತ್ತಿದ್ರೆ ಸರಿಯಾಗಿ ಹತ್ತು ಗ್ರಾಂ ಒತ್ತಡ ಬೀಳುತ್ತಂತೆ. "ಕಣ್ಣು ಮುಚ್ಕೊಳ್ಳಿ, ಮುಟ್ಟಿದಾಗೆಲ್ಲ ಹೂಂ ಅನ್ನಿ" ಅಂದ್ರು ಡಾಕ್ಟ್ರು. ಕಣ್ಣು ಮುಚ್ಚಿದೆ. ಏನೂ ಗೊತ್ತಾಗ್ತಿಲ್ಲ. ಸುಮ್ಮನಿದ್ರೆ ಫೇಲ್ ಆಗ್ತೀನಿ ಅನ್ನಿಸ್ತು, ಅಂದಾಜಲ್ಲಿ ಹೂಂ ಅಂದೆ. ಸ್ವಲ್ಪ ಬಿಟ್ಟು ಮತ್ತೆ ಹೂಂ. ಮತ್ತೆ ಹೂಂ. ರೂಮಲ್ಲಿ ಯಾರೂ ಮಾತಾಡ್ತಿಲ್ಲ. ಕಣ್ಣು ಬಿಟ್ರೆ ಡಾಕ್ಟರು ಕೈ ಕಟ್ಕೊಂಡು ನನ್ನೇ ನೋಡ್ತಿದಾರೆ, ದಾರ ಟೇಬಲ್ ಮೇಲಿದೆ. "ನಾನು ಮುಟ್ಟೋದು ನಿಲ್ಲಿಸಿ ಎಷ್ಟೊತ್ತಾಯ್ತು" ಅಂದ್ರು. ಬಾಗಿಲ ಹತ್ರ ಬಾಮೈದ ನಿಂತಿದ್ದ.

ಎಚ್‌ಬಿಎ1ಸಿ 11.2. ಅಂದ್ರೆ ಎರಡು ಮೂರು ತಿಂಗಳಿಂದ ಶುಗರ್ ಸರಾಸರಿ 275ರ ಆಸುಪಾಸು. ಕಾಲಿನ ನರ ಸತ್ತಿದ್ದಕ್ಕೇ ಕಲ್ಲು ಸುಟ್ಟಿದ್ದು ಗೊತ್ತಾಗಿಲ್ಲ, ಹಳ್ಳಿ ಕಾಲೂ ಇಲ್ಲ ಏನೂ ಇಲ್ಲ. ಸೋಂಕು ಮೂಳೆಗೆ ಇಳಿದಿತ್ತು, ಬೆರಳು ತೆಗೆದ್ರೆ ಪಾದ ಉಳಿಯುತ್ತೆ ಅಂದ್ರು. ಆಮೇಲೆ ಡಾಕ್ಟರು ಇನ್ನೊಂದು ವಿಷಯ ಹೇಳಿದ್ರು, ಅದು ಆಪರೇಷನ್ನಿಗಿಂತ ಜಾಸ್ತಿ ನೋಯಿಸ್ತು. ಬ್ರಿಟನ್ನಲ್ಲಿ ಯುಕೆಪಿಡಿಎಸ್ ಅಂತ ದೊಡ್ಡ ಅಧ್ಯಯನ ಮಾಡಿದಾರೆ, 1998ರಲ್ಲಿ ಫಲಿತಾಂಶ ಬಂದಿದ್ದು, ಆಮೇಲೆ ಹತ್ತು ವರ್ಷ ಅದೇ ಜನರನ್ನ ನೋಡಿದಾರೆ, ಕಾಯಿಲೆ ಗೊತ್ತಾದ ಹೊಸದರಲ್ಲೇ ಕಂಟ್ರೋಲ್ ಮಾಡಿದವರಿಗೆ ಅದರ ಲಾಭ ಎಷ್ಟೋ ವರ್ಷ ಉಳ್ಕೊಂಡಿತ್ತಂತೆ. ಆ ಮೊದಲ ವರ್ಷಗಳು ನಾನು ಪಕ್ಕದ ಬೆರಳು ಚುಚ್ಕೊಂಡು ಕಳೆದ ವರ್ಷಗಳು.

ಇದೇನು ನನ್ನೊಬ್ಬನ ಕಥೆ ಅಲ್ಲ. ಐಸಿಎಂಆರ್ ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅದರ ಇಂಡಿಯಾಬ್ ಅನ್ನೋ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಡಯಾಬಿಟಿಸ್, 13.6 ಕೋಟಿ ಜನ ನಾನು ಹೇಳ್ತಿದ್ದ ಆ "ಬಾರ್ಡರಲ್ಲಿ". ಬಾರ್ಡರ್ ಅನ್ನೋ ಪದವೇ ನಿಷೇಧ ಮಾಡಬೇಕು ನನ್ನ ಕೇಳಿದ್ರೆ. ಬಾರ್ಡರಲ್ಲಿ ಇರೋರು ಎಚ್ಚರವಾಗಿ ಕಾವಲು ಕಾಯ್ಬೇಕು, ನಾನು ಅಲ್ಲಿ ಚಾಪೆ ಹಾಸಿ ಮಲಗಿದ್ದೆ. ನಿಮ್ಮ ರಿಪೋರ್ಟಲ್ಲಿ ಖಾಲಿ ಹೊಟ್ಟೇಲಿ ನೂರು ದಾಟಿದ್ರೆ ಎಚ್‌ಬಿಎ1ಸಿ ಮಾಡಿಸಿ, ಟೆಸ್ಟಿಗೆ ಮುಂಚೆ ಮಾಮೂಲಿ ಏನು ತಿಂತೀರೋ ಅದನ್ನೇ ತಿಂದು ಹೋಗಿ. ಶುಗರ್ ಇರೋರು ದಿನಾ ರಾತ್ರಿ ಪಾದದ ಕೆಳಗೆ ನೋಡ್ಕೊಳ್ಳಿ, ಬಗ್ಗೋಕಾಗದಿದ್ರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ. ಬಿಸಿಲಲ್ಲಿ ದೇವಸ್ಥಾನದ ಕಲ್ಲು ತುಳಿಯೋದಿದ್ರೆ ದಪ್ಪ ಸಾಕ್ಸ್ ಹಾಕ್ಕೊಳ್ಳಿ, ಇಲ್ಲ ಬೆಳಿಗ್ಗೆ ಬೇಗ ಹೋಗಿ. ಗಾಯ ಆಗಿ ನೋವಿಲ್ಲ ಅಂದ್ರೆ ಅವತ್ತೇ ಡಾಕ್ಟರ ಹತ್ರ ಓಡಿ, ನೋವಿದ್ದಿದ್ರೆ ಒಂದು ದಿನ ಕಾಯಬಹುದಿತ್ತೇನೋ.

ಈಗ ಇನ್ಸುಲಿನ್, ಮಾತ್ರೆ, ಶುಗರ್ ಇರೋರ ಪಾದಕ್ಕೆ ಅಂತ ಮಾಡೋ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ. ಹೋದ ಸಲ ಎಚ್‌ಬಿಎ1ಸಿ 7.1 ಬಂತು. ಅದನ್ನ ಗ್ರೂಪಿಗೆ ಹಾಕಿಲ್ಲ. ನೋಟ್‌ಬುಕ್ ಹೆಂಡ್ತಿ ಕೈಲಿದೆ, ಮೊದಲ ಬೆರಳಿನ ನಂಬರೇ ಬರೀತಾಳೆ. ಮೊನ್ನೆ ಮದುವೆ ಊಟಕ್ಕೆ ಕೂತಾಗ ಹೋಳಿಗೆ ಬಂತು, ನಾನು ಕೈ ಅಡ್ಡ ಹಿಡಿದೆ, ಪಕ್ಕದಲ್ಲಿ ಬಾಮೈದನೂ ಹಿಡಿದ. ಅವನು ಏನೂ ಅನ್ನಲಿಲ್ಲ, ಪಂಕ್ತಿಗೆ ಕೇಳೋ ಹಂಗಂತೂ ಅನ್ನಲೇ ಇಲ್ಲ.

ಆದ್ರೆ ಒಂದು ಹೇಳಲೇಬೇಕು. ಆಫೀಸಲ್ಲಿ ಇವತ್ತಿಗೂ ಎಲ್ಲರೂ ಅಂದ್ಕೊಂಡಿರೋದು ನಾನು ಬೈಕಿಂದ ಬಿದ್ದು ಬೆರಳು ಹೋಯ್ತು ಅಂತ, ನಾನೇ ಹಂಗೆ ಹೇಳಿರೋದು. ಹೋದ ವಾರ ಅಕೌಂಟ್ಸ್ ಸೆಕ್ಷನ್ನಿನ ಹುಡುಗ ಟೀ ಕುಡೀತಾ "ಸಾರ್ ನನಗೆ 121 ಬಂದಿದೆ, ಬಾರ್ಡರ್ ಅಂತೆ, ಏನಾಗಲ್ಲ ಅಲ್ವಾ" ಅಂದ, ನನ್ನ ಬಾಯಿಂದ ಬಂದಿದ್ದು "ವಾಕಿಂಗ್ ಮಾಡು" ಅಂತ ಅಷ್ಟೇ. ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಕೂತು ಇಷ್ಟುದ್ದ ಬರೆದೆ. ನಾಳೆ ಈ ಲಿಂಕ್ ಅವನಿಗೆ ಕಳಿಸ್ತೀನಿ. ಓದಿದ್ರೆ ಯಾರು ಬರೆದಿದ್ದು ಅಂತ ಗೊತ್ತಾಗೇ ಆಗುತ್ತೆ, ಗೊತ್ತಾಗಲಿ.