2001ರಲ್ಲಿ ಕೊಂಡ ಡ್ರೀಮ್‌ಕಾಸ್ಟ್ ಇನ್ನೂ ನಮ್ಮ ಟಿವಿ ಕೆಳಗಿದೆ

2001ರ ಫೆಬ್ರವರಿ. ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕೆಲಸ ಮಾಡುತ್ತಿದ್ದೆ. ಇನ್ನು ಮೇಲೆ ಕನ್ಸೋಲ್, ಅಂದರೆ ಟಿವಿಗೆ ಸಿಕ್ಕಿಸಿ ವಿಡಿಯೋ ಗೇಮ್ ಆಡುವ ಮಷೀನು, ಮಾಡುವುದಿಲ್ಲ ಎಂದು ಜಪಾನಿನ ಸೆಗಾ ಕಂಪನಿ ಜನವರಿ 31ರಂದು ಹೇಳಿಬಿಟ್ಟಿತ್ತು. 1999ರ ಸೆಪ್ಟೆಂಬರ್ 9ರಂದು 199 ಡಾಲರ್‌ಗೆ ಅಮೆರಿಕದ ಅಂಗಡಿಗೆ ಬಂದಿದ್ದ ಸೆಗಾದ ಕನ್ಸೋಲ್ ಡ್ರೀಮ್‌ಕಾಸ್ಟ್ ಈಗ 99 ಡಾಲರ್. ನಾನು ಡಬ್ಬ ಹೊತ್ತು ಮನೆಗೆ ಬಂದಾಗ ರೂಮ್‌ಮೇಟ್ ಕೇಳಿದ: "ಮಾಡಿದವರೇ ಕೈಬಿಟ್ಟಿದ್ದನ್ನ ಯಾಕೋ ತಗೊಂಡೆ?"

ನಾನು ಸೋಲ್ ಕ್ಯಾಲಿಬರ್ ಹಾಕಿ ತೋರಿಸಿದೆ. ಅದು ಮೊದಲು ಆರ್ಕೇಡ್‌ಗಳಲ್ಲಿ, ಅಂದರೆ ಕಾಸು ಹಾಕಿ ಆಡುವ ಗೇಮ್ ಅಂಗಡಿಗಳಲ್ಲಿ, ಬಂದ ಕತ್ತಿ ಕಾಳಗದ ಆಟ. ಆದರೆ ಡ್ರೀಮ್‌ಕಾಸ್ಟ್‌ನಲ್ಲಿ ಆರ್ಕೇಡ್‌ಗಿಂತಲೂ ಚೆನ್ನಾಗಿ ಕಾಣುತ್ತಿತ್ತು. ಅದಕ್ಕೂ ಮುಂಚೆ ಮನೆಯ ಆಟ ಎಂದರೆ ಆರ್ಕೇಡ್‌ನ ಬಡ ತಮ್ಮ ಇದ್ದಂತೆ. ರೂಮ್‌ಮೇಟ್ ಸುಮ್ಮನೆ ಕೂತು ಎರಡನೇ ಕಂಟ್ರೋಲರ್ ಕೈಗೆತ್ತಿಕೊಂಡ.

ಒಳಗೆ ಹಿಟಾಚಿಯ 200 ಮೆಗಾಹರ್ಟ್ಸ್ ಪ್ರೊಸೆಸರ್, 16 ಎಂಬಿ ಮೆಮೊರಿ. ಇವತ್ತಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಸೆಗಾ ತನ್ನ ಆರ್ಕೇಡ್ ಮಷೀನಿಗೂ ಹೆಚ್ಚುಕಡಿಮೆ ಇದೇ ಭಾಗಗಳನ್ನು ಬಳಸಿತ್ತು. ಹಾಗಾಗಿ ಆರ್ಕೇಡ್‌ನ ಕ್ರೇಜಿ ಟ್ಯಾಕ್ಸಿ ಆಟ ನೇರವಾಗಿ ನಮ್ಮ ಹಾಲ್‌ಗೇ ಬಂತು. ಅದರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಥರದ ಇಳಿಜಾರು ರಸ್ತೆಗಳಿವೆ. ವಾರಾಂತ್ಯದಲ್ಲಿ ನಿಜವಾದ ಆ ಇಳಿಜಾರುಗಳಲ್ಲಿ ಓಡಾಡಿ ಬಂದು, ರಾತ್ರಿ ಅಂಥವೇ ರಸ್ತೆಗಳಲ್ಲಿ ಟ್ಯಾಕ್ಸಿ ಹಾರಿಸುವುದು ಎಂಥಾ ಖುಷಿ!

ಡಬ್ಬದ ಜೊತೆಗೇ ಇಂಟರ್ನೆಟ್‌ಗೆ ಸೇರಿಸುವ ಮೋಡೆಮ್ ಕೊಟ್ಟಿದ್ದರು ಎನ್ನುವುದು ಇಂದಿಗೂ ನನಗೆ ಆಶ್ಚರ್ಯ. ಫೋನ್ ವೈರ್ ಚುಚ್ಚಿ ಫ್ಯಾಂಟಸಿ ಸ್ಟಾರ್ ಆನ್‌ಲೈನ್ ಎಂಬ ಆಟವನ್ನು ಬೇರೆ ದೇಶದವರ ಜೊತೆ ಆಡಬಹುದಿತ್ತು. ಸೆಗಾದ ಸರ್ವರ್‌ಗಳು ಯಾವಾಗಲೋ ನಿಂತವು. ಅಭಿಮಾನಿಗಳೇ ಸರ್ವರ್ ನಡೆಸುತ್ತಿದ್ದಾರೆ, ಈಗಲೂ ಆಡಬಹುದು. ಕಂಪನಿ ಬಿಟ್ಟು ಹೋದ ಮೇಲೂ ಜನ ದೀಪ ಆರದಂತೆ ನೋಡಿಕೊಂಡಿದ್ದಾರೆ, ಅಲ್ವಾ?

ನಾನು ಜಾಸ್ತಿ ಹೊತ್ತು ಕಳೆದದ್ದು ಶೆನ್ಮೂ ಎಂಬ ಆಟದಲ್ಲಿ. 1986ರ ಯೊಕೊಸುಕಾ ಎಂಬ ಜಪಾನಿನ ಊರು, ತಂದೆಯನ್ನು ಕೊಂದವನನ್ನು ಹುಡುಕುವ ಹುಡುಗ. ಕಥೆ ಇಷ್ಟೇ. ಆದರೆ ಮನೆಯ ಡ್ರಾಯರ್‌ಗಳನ್ನು ಒಂದೊಂದಾಗಿ ಎಳೆದು ನೋಡಬಹುದು. ಅಂಗಡಿಗಳು ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುತ್ತವೆ. ಬಂದರಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ ದಿನಗೂಲಿ ದುಡಿಯಬೇಕು. ನಾನೂ ಮನೆ ಬಿಟ್ಟು ದೂರ ಬಂದು ದುಡಿಯುತ್ತಿದ್ದವನು. ಆ ಊರಿನಲ್ಲಿ ಸಂಜೆಯಾಗುವುದನ್ನು ನೋಡುತ್ತಾ ಸುಮ್ನೆ ನಿಂತುಬಿಡುತ್ತಿದ್ದೆ. ಎರಡನೇ ಭಾಗ 2001ರಲ್ಲಿ ಬಂತು. ಮೂರನೆಯದಕ್ಕೆ 2019ರವರೆಗೆ ಕಾದೆ.

ಕೊರತೆಗಳೂ ಇವೆ. ಡಿಸ್ಕ್ ಓದುವಾಗ ಡ್ರೈವ್ ಜೋರಾಗಿ ಸದ್ದು ಮಾಡುತ್ತದೆ. ಕಂಟ್ರೋಲರ್‌ನ ವೈರ್ ಆಡುವವರ ಕಡೆಯಿಂದ ಹೊರಬರುತ್ತದೆ, ಅದು ಯಾಕೆಂದು ನನಗೆ ಇನ್ನೂ ಅರ್ಥವಾಗಿಲ್ಲ. ಕಂಟ್ರೋಲರ್‌ಗೆ ಸಿಕ್ಕಿಸುವ ಪುಟ್ಟ ಮೆಮೊರಿ ಕಾರ್ಡ್‌ಗೆ ಅದರದ್ದೇ ಸ್ಕ್ರೀನ್, ಬಟನ್ ಎಲ್ಲ ಇದೆ, ಜೇಬಿನಲ್ಲಿಟ್ಟುಕೊಂಡು ಆಡಬಹುದು. ಆದರೆ ಎರಡು ಸೆಲ್ ಬೇಗ ಖಾಲಿಯಾಗುತ್ತವೆ. ಸೆಲ್ ಇಲ್ಲದಿದ್ದರೂ ಉಳಿಸಿದ ಆಟ ಅಳಿಸಿಹೋಗುವುದಿಲ್ಲ, ಅಷ್ಟು ನೆಮ್ಮದಿ.

ಆಡುವಾಗ ತಾನೇ ರೀಸೆಟ್ ಆಗತೊಡಗಿದರೆ ಗಾಬರಿ ಬೇಡ. ಬಹಳ ಸಲ ಪವರ್ ಸಪ್ಲೈ ಪಿನ್‌ಗಳಿಗೆ ಕೊಳೆ ಹಿಡಿದಿರುತ್ತದೆ. ಪ್ಲಗ್ ತೆಗೆದಿಟ್ಟು ಸ್ವಲ್ಪ ಹೊತ್ತು ಬಿಟ್ಟು, ಆಲ್ಕೋಹಾಲ್‌ನಿಂದ ಒರೆಸಿದರೆ ಸರಿಹೋಗುತ್ತದೆ. ನಾನು ಎರಡು ಸಲ ಹಾಗೆ ಮಾಡಿದ್ದೇನೆ.

ಈಗ ಹಳೆಯದೊಂದನ್ನು ತರಿಸಿಕೊಳ್ಳಬೇಕೆಂದು ಆಸೆಪಡುವವರಿಗೆ ಒಂದು ಮಾತು. ಜಪಾನಿನದು 100 ವೋಲ್ಟ್, ಅಮೆರಿಕದ್ದು 120. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನೇರ ಪ್ಲಗ್‌ಗೆ ಹಾಕಿದರೆ ಸುಟ್ಟುಹೋಗುತ್ತದೆ, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಯೂರೋಪಿನದಾದರೆ ಆ ಚಿಂತೆಯಿಲ್ಲ. ಕಂಪ್ಯೂಟರ್ ಮಾನಿಟರ್‌ಗೆ ಜೋಡಿಸುವ ವಿಜಿಎ ಕೇಬಲ್ ಸಿಕ್ಕರೆ ಬಿಡಬೇಡಿ, ಚಿತ್ರ ಎಷ್ಟೋ ಸ್ಪಷ್ಟವಾಗಿ ಬರುತ್ತದೆ.

ಇಷ್ಟು ಒಳ್ಳೆಯದು ಯಾಕೆ ಸೋತಿತು ಎಂದು ಕೇಳುತ್ತಾರೆ. ಸೆಗಾದ ಹಿಂದಿನ ಮಷೀನುಗಳಾದ 32ಎಕ್ಸ್, ಸ್ಯಾಟರ್ನ್ ಕೊಂಡು ಬೇಸತ್ತ ಜನಕ್ಕೆ ಸೆಗಾ ಮೇಲೆ ನಂಬಿಕೆ ಹೋಗಿತ್ತು. ಅಷ್ಟರಲ್ಲಿ ಡಿವಿಡಿ ನೋಡಬಹುದಾದ, ಸೋನಿಯ ಪ್ಲೇಸ್ಟೇಷನ್ 2 ಬಂತು. ಸೆಗಾ ಮುಳುಗದಂತೆ ಅದರ ಅಧ್ಯಕ್ಷ ಇಸಾವೊ ಒಕಾವಾ ತಮ್ಮ ಸ್ವಂತ ಆಸ್ತಿಯಿಂದ ಸುಮಾರು 69 ಕೋಟಿ ಡಾಲರ್ ಕೊಟ್ಟರು. 2001ರ ಮಾರ್ಚ್ 16ರಂದು ಅವರು ತೀರಿಕೊಂಡರು. ಡ್ರೀಮ್‌ಕಾಸ್ಟ್ ತಯಾರಿಕೆ ನಿಂತದ್ದೂ ಅದೇ ತಿಂಗಳು. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ. ಆ ವರ್ಷದ ಕೊನೆಗೆ ನಿಂಟೆಂಡೋ ಕನ್ಸೋಲ್‌ನಲ್ಲಿ ಸೆಗಾದ ಆಟಗಳ ನೀಲಿ ನಾಯಕ ಸೋನಿಕ್ ಓಡುವುದನ್ನು ನೋಡಿದೆ. ಎದುರಾಳಿಯ ಮನೆಯಲ್ಲಿ ನಮ್ಮ ಹುಡುಗ. ಆಟ ಚೆನ್ನಾಗಿತ್ತು, ಆದರೂ ನಾನು ಅದನ್ನು ಕೊಳ್ಳಲಿಲ್ಲ.

ನನ್ನ ಮಷೀನಿನ ಗಡಿಯಾರದ ಬ್ಯಾಟರಿ ವಯಸ್ಸಾಗಿ ಸತ್ತಿದೆ. ಅದನ್ನು ಬೋರ್ಡ್‌ಗೆ ಬೆಸುಗೆ ಹಾಕಿರುತ್ತಾರೆ. ಹೊಸದು ತಂದಿಟ್ಟಿದ್ದೇನೆ, ಇನ್ನೂ ಹಾಕಿಲ್ಲ. ಹಾಗಾಗಿ ಪ್ರತಿ ಸಲ ಪ್ಲಗ್ ಹಾಕಿ ಆನ್ ಮಾಡಿದಾಗಲೂ ದಿನಾಂಕ ಸರಿಮಾಡು ಎಂದು ಕೇಳುತ್ತದೆ. ಸ್ಕ್ರೀನ್ ಮೇಲೆ ಕಾಣುವುದು 1998ರ ನವೆಂಬರ್ 27. ಜಪಾನಿನಲ್ಲಿ ಅದು ಮೊದಲು ಮಾರಾಟಕ್ಕೆ ಬಂದ ದಿನ. ನಾನು ಬದಲಾಯಿಸದೆ ಸ್ಟಾರ್ಟ್ ಒತ್ತುತ್ತೇನೆ.