ಮೂರು ಹೊತ್ತಿನ ಮೀಟರು: ಒಂದು ವರ್ಷದ ಅನುಭವ

ಬದಿಯಡ್ಕದ ನಮ್ಮ ಮನೆಯಲ್ಲಿ ತಿಂಗಳಿಗೆ 250 ಯೂನಿಟ್ ದಾಟುತ್ತದೆ. ಕೇರಳದಲ್ಲಿ ಅಷ್ಟು ಕರೆಂಟು ಸುಡುವವರಿಗೆ 2025ರ ಜನವರಿಯಿಂದ ಹೊತ್ತು ನೋಡಿ ದರ. ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಶೇ. 10 ಕಡಿಮೆ, ಅಲ್ಲಿಂದ ರಾತ್ರಿ 10ರವರೆಗೆ ಶೇ. 25 ಜಾಸ್ತಿ, ಆಮೇಲೆ ಮಾಮೂಲು. ಮೂರನ್ನೂ ಮೀಟರು ಬೇರೆ ಬೇರೆ ಲೆಕ್ಕ ಇಡುತ್ತದೆ. ಹಾಗೆಂದು ಇದು ಸ್ಮಾರ್ಟ್ ಮೀಟರ್ ಅಲ್ಲ, ರೀಡಿಂಗಿಗೆ ಈಗಲೂ ಜನ ಬರಬೇಕು.

ಮೊದಲು ಖುಷಿಯಾದದ್ದು ಅಡುಗೆಮನೆಗೆ. ರಾತ್ರಿ ಎಂಟಕ್ಕೆ ತಿರುಗುತ್ತಿದ್ದ ಗ್ರೈಂಡರ್ ಈಗ ನಾಲ್ಕಕ್ಕೆ. ಉದ್ದು ಬೆಳಗ್ಗೆಯೇ ನೀರಿಗೆ ಬೀಳುತ್ತದೆ, ಅಮ್ಮ ಚಹಾ ಮುಗಿಸಿ ಅರೆಯುತ್ತಾರೆ, ದೀಪ ಹಚ್ಚುವ ಹೊತ್ತಿಗೆ ಹಿಟ್ಟು ಮುಚ್ಚಳದಡಿ. ನಾಲ್ಕು ಗಂಟೆ ಹೆಚ್ಚಿಗೆ ಸಿಕ್ಕಿ ಆಟಿ ತಿಂಗಳ ಮಳೆಚಳಿಯಲ್ಲೂ ಹಿಟ್ಟು ಉಬ್ಬಿತು. ಇಂಥ ದೋಸೆಯನ್ನು ಯಾವ ಬಿಲ್ಲೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾವಿಯ ಪಂಪು, ಇಸ್ತ್ರಿಯೂ ಹಗಲಿಗೆ ಬಂದವು. (ನೆರೆಮನೆಯವರಿಗೆ ಗುಡ್ಡ ಕೊರೆದ ಸುರಂಗದ ನೀರು, ಇಳಿಜಾರಲ್ಲಿ ತಾನೇ ಹರಿದು ಬರುತ್ತದೆ. ಅವರಿಗೆ ಈ ತಲೆಬಿಸಿಯೇ ಇಲ್ಲ.)

ಆದರೆ ಮೀಟರಿನ ಗಡಿಯಾರ! ಫೋನಿಗಿಂತ ಹತ್ತು ನಿಮಿಷದಷ್ಟು ಮುಂದೆ. ನಮ್ಮ ಐದೂ ಮುಕ್ಕಾಲು ದಾಟುವಷ್ಟರಲ್ಲಿ ಅದಕ್ಕೆ ಆರಾಗಿರುತ್ತದೆ. ಕರೆಂಟು ಆಫೀಸಿಗೆ ದೂರು ಕೊಟ್ಟರೆ, "ಹತ್ತು ಗಂಟೆಯೂ ಬೇಗ ಆಗುತ್ತದಲ್ಲ, ನಷ್ಟ ಏನು?" ಎಂದು ನಕ್ಕರು. ಲೆಕ್ಕ ಸರಿಯೇ. ಆದರೆ ಇಸ್ತ್ರಿಪೆಟ್ಟಿಗೆ ಬಿಟ್ಟು ಜಗಲಿಗೆ ಓಡಿ ಮೀಟರು ನೋಡುವವಳು ನಾನು.

ಕೂತು ಲೆಕ್ಕ ಹಾಕಿದಾಗ ಉಳಿದ ಉತ್ಸಾಹವೂ ಇಳಿಯಿತು. ಒಂದು ಯೂನಿಟನ್ನು ಸಂಜೆಯಿಂದ ಹಗಲಿಗೆ ಸರಿಸಿದರೆ ಉಳಿಯುವುದು ದರದ ಶೇ. 35. ಗ್ರೈಂಡರ್ ಒಂದು ಗಂಟೆ ತಿರುಗಿದರೂ ಕಾಲು ಯೂನಿಟ್ ಆಗುವುದಿಲ್ಲ, ಅಂದರೆ ಉಳಿದದ್ದು ಚಿಲ್ಲರೆ ಪೈಸೆ. ಸಂಜೆ ಆರರಿಂದ ಹತ್ತರವರೆಗೆ ಮನೆ ತುಂಬ ಜನ, ಮಕ್ಕಳ ಓದು, ಅಡುಗೆ, ಟಿವಿ. ಅದನ್ನೆಲ್ಲ ಎಲ್ಲಿಗೆ ಸರಿಸುವುದು?

ನಿಜವಾದ ಪೆಟ್ಟು ಇರುವುದು 250ರ ಗೆರೆಯಲ್ಲಿ. ಒಳಗಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ದರ, ಮೊದಲಿನ ಯೂನಿಟ್‌ಗಳು ಅಗ್ಗ. ದಾಟಿದರೆ ಮೊದಲ ಯೂನಿಟ್‌ನಿಂದಲೇ ಎಲ್ಲಕ್ಕೂ ಒಂದೇ ದೊಡ್ಡ ದರ. ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ನೋಡಬೇಕಾದದ್ದು 500.

ಮನೆಯಲ್ಲೇ ಕಾರು ಚಾರ್ಜ್ ಮಾಡುವವರಿಗೆ ಈ ಹಗಲಿನ ರಿಯಾಯಿತಿ ಲಾಭ. ನಮ್ಮ ಹಾಗೆ ಗೆರೆಯ ಆಚೆ ಒಂದು ಕಾಲಿಟ್ಟವರು ಗಡಿಯಾರ ಕಾಯುವ ಬದಲು ಗೀಸರ್ ಬಂದ್ ಮಾಡಿ, ಬಚ್ಚಲೊಲೆಗೆ ತೆಂಗಿನ ಮಡಲು ಹಾಕಿ.